ದರ್ಜಿ ಭಾವನ ಹೊಸ ಪ್ಲೇಯರ್

ನನ್ನ ಅಕ್ಕನ ಗಂಡ ದರ್ಜಿ. ಕೈಗುಣ ಒಳ್ಳೆಯದು, ತಲೆಗೆ ಮಾತ್ರ ಕಂಪ್ಯೂಟರ್ ಹತ್ತಿದೆ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಅದನ್ನಿಟ್ಟು ದಿನವಿಡೀ ಹಾಡು ಕೇಳುತ್ತಿದ್ದರು. ಹಾಡು ಶುರುವಾದರೆ ಪೆಡಲ್ ಮೇಲೆ ಕಾಲು ಓಡುತ್ತಿತ್ತು. ಹಾಡು ಮುಗಿದು ಸದ್ದು ನಿಂತರೆ ಕಾಲೂ ನಿಲ್ಲುತ್ತಿತ್ತು. ಆಗ ಬಟ್ಟೆಯನ್ನೆತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾಲರಿಗೊಂದು ಹಾಡು, ತೋಳಿಗೊಂದು ಹಾಡು. ಹೀಗೊಂದು ಅಭ್ಯಾಸ ಬೆಳೆದಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಪ್ಯಾಂಟು ಹರಿದಾಗ ಮಾತ್ರ ಬಂಧುತ್ವ ನೆನಪಾಗುವ ನನಗೆ ಹೇಗೆ ಗೊತ್ತಾಗಬೇಕು?

ಆ ದಿನ ನಾನು ಹೋದಾಗ ಅಕ್ಕ ಗುಂಡುಪಿನ್ನು ಕಚ್ಚಿಕೊಂಡು ಕೋಟಿಗೆ ಅಸ್ತರು ಕೂಡಿಸುತ್ತಿದ್ದಳು. ಅದು ಲೆಕ್ಕದ ಮೇಷ್ಟ್ರ ಕೋಟು. ಅವರ ನಿವೃತ್ತಿ ಸಮಾರಂಭ ಅಂದೇ ಸಂಜೆ. ಭಾವ ಮಾತ್ರ ಪರದೆಯ ಮುಂದೆ.

"ಕಂಪ್ಯೂಟರಲ್ಲಿ ಹಾಡು ಹಾಕೋ ಹಳೇ ಪ್ಲೇಯರ್ ಕಿತ್ತು ಹಾಕ್ದೆ ಕಣೋ. ಇದು ಬೇರೇದು."

"ಮೊನ್ನೆ ಹಾಕಿದ್ದೂ ಬೇರೇದೇ," ಎಂದಳು ಅಕ್ಕ. "ಸಂಜೆಯೊಳಗೆ ಈ ಕೋಟು ಆಗ್ಲಿಲ್ವೋ, ಆ ಡಬ್ಬ ಅಂಗಡಿಯಿಂದ ಆಚೆ. ತಿಳ್ಕೊಳ್ಳಿ."

"ಆಗುತ್ತೆ ಕಣೇ. ಕೇಳಿಲ್ಲಿ, ಒಂದು ಹಾಡು ಮುಗಿಯೋದ್ರೊಳಗೆ ಇನ್ನೊಂದು ಬಂದು ಸೇರ್ಕೊಳ್ಳುತ್ತೆ. ಎಲ್ಲಿ ಜೋಡ್ಸಿದಾನೆ ಅಂತ ಗೊತ್ತಾಗುತ್ತಾ? ಹೊಲಿಗೆ ಅಂದ್ರೆ ಇದು!"

ಭಾವ ಕೋಟು ಹಿಡಿದು ಯಂತ್ರದ ಮುಂದೆ ಕುಳಿತರು. ಹಾಡು ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ಕಣ್ಣು ಅರೆಮುಚ್ಚಿ ತಲೆದೂಗುತ್ತ ಹೊಲಿದರು. ನಾನೂ ತಲೆದೂಗುತ್ತ ಕುಳಿತೆ. ಸಾಹಿತಿಗೆ ಬೇರೇನು ಕೆಲಸ? ಅಕ್ಕ ಒಳಗೆ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಿದ್ದಳು.

ಮೇಷ್ಟ್ರು ಬಂದರು. ಕೋಟಿಗೆ ಕೈ ತೂರಿಸಿದರು. ಕೈ ತೋಳಿನ ತುದಿಯವರೆಗೆ ಹೋಗಿ ಅಲ್ಲೇ ನಿಂತಿತು.

"ಏನಯ್ಯಾ ಇದು, ತೋಳಿನ ಬಾಯೇ ಹೊಲಿದುಬಿಟ್ಟಿದ್ದೀಯಲ್ಲ! ನಿವೃತ್ತನಿಗೆ ಇನ್ನು ಕೈ ಯಾಕೆ ಅಂತಲಾ?"

ಜೇಬುಗಳನ್ನೂ ಭಾವ ಬಿಟ್ಟಿರಲಿಲ್ಲ.

ಅಕ್ಕ ಬಂದು ಕೋಟು ನೋಡಿದಳು, ಗಂಡನನ್ನು ನೋಡಿದಳು, ಕಂಪ್ಯೂಟರಿನ ವೈರು ಕಿತ್ತಳು. ಮೇಷ್ಟ್ರಿಗೆ ಕುರ್ಚಿ ಹಾಕಿ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚಿದ್ದಾಯಿತು, ಸರಿಯಾಗಿ ಮತ್ತೆ ಹೊಲಿಯಲು ಕೂತ ಭಾವನ ಕಾಲು ಮಾತ್ರ ಅಲುಗಲಿಲ್ಲ.

"ಹಾಡಿಲ್ದೆ ಕಾಲು ಏಳಲ್ಲ ಕಣೇ."

"ಏಳುತ್ತೆ. ನಾನು ಹೇಳ್ತೀನಿ. ಹೂಂ, ಹೊಡೀರಿ… ನಿಲ್ಸಿ! ತಿರುಗ್ಸಿ. ಹೂಂ… ನಿಲ್ಸಿ ಅಂದೆ!"

ತಾಳ ಕರಾರುವಾಕ್ಕಾಗಿತ್ತು. ಒಂದೇ ಒಂದು ಹೊಲಿಗೆ ಗೆರೆ ದಾಟಲಿಲ್ಲ. ಕತ್ತಲಾಗುವ ಮೊದಲೇ ಮೇಷ್ಟ್ರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ನಡುನಡುವೆ ಹೊರತೆಗೆದು ನೋಡಿಕೊಳ್ಳುತ್ತ ಹೊರಟರು.

"ಸಂಜೆಯೊಳಗೆ ಆಯ್ತಲ್ಲಾ," ಎಂದರು ಭಾವ, ವೈರಿನ ಕಡೆ ಕೈ ಚಾಚುತ್ತ.

"ಆಗಿದ್ದು ನನ್ನಿಂದ. ಡಬ್ಬದಿಂದಲ್ಲ."

ಬರೆಯುವವನಿಗೆ ಉಪಯೋಗವಾದೀತೆಂದು ಅಕ್ಕ ಅದನ್ನು ನಮ್ಮ ಮನೆಗೆ ಸಾಗಿಸಿದಳು. ಈಗ ಅಂಗಡಿಗೆ ರಜಾ ಬಂತೆಂದರೆ ಭಾವನೂ ಬಂದು ಅದರ ಮುಂದೆ ಕೂರುತ್ತಾರೆ. ಡಬ್ಬದ ಜೊತೆಗೆ ಇದೂ ಬರುತ್ತದೆಂದು ಅಕ್ಕ ಹೇಳಿರಲಿಲ್ಲ.