ನನಗೆ ತಿಪ್ಪವ್ವ ಅಂತ ಯಾಕೆ ಹೆಸರಿಟ್ಟರು

ಲಂಗದ ಲಾಡಿ ಬಿಚ್ಚಿದರೆ ಮತ್ತೆ ಕಟ್ಟಿಕೊಳ್ಳಲು ಬಾರದಷ್ಟು ಚಿಕ್ಕವಳಿದ್ದಾಗ ನಾನು ಈ ಮರಾಠಿ ಊರಿನ ಅಂಚಿಗೆ, ಕೊಂಢವಾದ ಕಲ್ಲಿನ ಖಣಿಯ ಮಗ್ಗುಲಿಗೆ ಇದ್ದೆ. ಈಗ ಅಲ್ಲಿ ಲಿಫ್ಟ್ ಇರುವ ಮನೆಗಳು ಎದ್ದಿವೆ, ನೀವು ಮೊಮ್ಮಕ್ಕಳೆಲ್ಲ ನೋಡಿದ್ದೀರಿ. ಆಗ ಬರೀ ಗುಡ್ಡ. ಅಪ್ಪ ಸುತ್ತಿಗೆಯಿಂದ ಕಲ್ಲು ಒಡೆಯುತ್ತಿದ್ದ. ಅವ್ವ ಒಡೆದ ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ಲಾರಿಗೆ ಹಾಕುತ್ತಿದ್ದಳು. ವಿಜಯಪುರದ ಕಡೆಯಿಂದ ಬಂದ ನಮ್ಮಂಥವರೆಲ್ಲ ಒಂದೇ ಸಾಲಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದೆವು. ಕೂದಲಲ್ಲಿ ಕಲ್ಲಿನ ಧೂಳು, ರೊಟ್ಟಿಯೊಳಗೂ ಕರಕರ ಅನ್ನುವ ಧೂಳು. ಖಣಿಯಲ್ಲಿ ಮದ್ದು ಹಾರಿಸಿದಾಗ ತಗಡು ಗಡಗಡ ನಡುಗುತ್ತಿತ್ತು.

ನನ್ನ ಹೆಸರು ಕೇಳಿ ನೀವು ನಗುತ್ತೀರಿ. ನಗ್ರಿ. ತಿಪ್ಪೆ ಅಂದರೆ ಸಗಣಿ, ಬೂದಿ, ಕಸ ಒಟ್ಟುವ ಗುಡ್ಡೆ. ಆ ತಿಪ್ಪೆಯಿಂದ ಬಂದವಳು ತಿಪ್ಪವ್ವ. ನನಗಿಂತ ಮೊದಲು ಅವ್ವನಿಗೆ ಎರಡು ಗಂಡುಕೂಸು ಹುಟ್ಟಿ, ಹತ್ತು ದಿನ ತುಂಬುವ ಮೊದಲೇ ಸತ್ತಿದ್ದವು. ಅದಕ್ಕೆ ನಾನು ಹುಟ್ಟಿದಾಗ ಊರಲ್ಲಿ ನನ್ನನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸಿದರು. ಮಕ್ಕಳೆಲ್ಲ ಉಳಿದ ಬೇರೊಬ್ಬ ಹೆಂಗಸು ನನ್ನನ್ನು ಎತ್ತಿಕೊಂಡು, ನನಗೆ ಸಿಕ್ಕಿದೆ, ನನ್ನದು ಅಂದಳು. ಅವ್ವ ಕಾಳು ಕೇರುವ ಮರದ ತುಂಬ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಸಾವಿನ ಕಣ್ಣು ಒಳ್ಳೆಯದರ ಮೇಲೆ ಇರುತ್ತದಂತೆ. ಇದು ನಮ್ಮದಲ್ಲ, ಕಸದಲ್ಲಿ ಸಿಕ್ಕದ್ದು, ದನ ತಿನ್ನುವ ತೌಡಿಗೆ ಬಂದದ್ದು ಅಂದರೆ ಅದು ಮುಂದಿನ ಮನೆಗೆ ಹೋಗುತ್ತದಂತೆ. ನಾನು ಉಳಿದೆ. ಹೆಸರು ಅದೇ ಆಯಿತು.

ಖಣಿಗೆ ಬಂದ ಮೇಲೆ ಅವ್ವನಿಗೆ ಮತ್ತೊಂದು ಗಂಡು ಹುಟ್ಟಿತು. ಬಾಣಂತನಕ್ಕೆ ಊರಿಂದ ಅತ್ತಿ ಬಂದಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ. ದೊಡ್ಡ ಕೈ, ದೊಡ್ಡ ದನಿ. ಕೂಸನ್ನು ತಿಪ್ಪೆಗೆ ಒಯ್ಯುವ ದಿನ ಮುಂಜಾನೆ ಭಾಳ ಥಂಡಿ ಇತ್ತು. ಗುಡಿಸಲಲ್ಲಿ ಬೇವಿನ ಹೊಗೆ, ಎಣ್ಣೆ, ಅಜವಾನದ ವಾಸನೆ. ತಮ್ಮ ಅವ್ವನ ಮಗ್ಗುಲಿಗೆ ಚಿಂದಿ ಬಟ್ಟೆಯಲ್ಲಿ ಮಲಗಿದ್ದ. ನಾನು ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿಯುತ್ತಿದ್ದ. ಅತ್ತಿ ತೌಡು ಹಾಕುವ ಮರ ಹುಡುಕುತ್ತಿದ್ದಳು.

“ಹೊಕ್ಕಳಾ ಇನ್ನೂ ಹಸೀ ಅದ್ರಿ ಅಕ್ಕಾರ” ಅಂದಳು ಅವ್ವ. “ಅದು ಉದರಲಿ. ಆಮ್ಯಾಲ ಮಾಡೂಣು.”

“ಉದುರೂಮಟ ಕುಂತ್ರ ಕೂಸು ಕುಂಡರ್ತದನು? ಹಿಂದಿನ ಎರಡೂ ಕುಂತಾವನು?”

ಅವ್ವ ಕೂಸನ್ನು ಎದೆಗೆ ಅವಚಿಕೊಂಡಳು. ಕೊಡಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ. ಅತ್ತಿ ನನ್ನ ರಟ್ಟೆ ಹಿಡಿದು ಅವ್ವನ ಮುಂದೆ ನಿಲ್ಲಿಸಿದಳು.

“ಇಕಿನ್ನ ನೋಡು. ಇಕಿ ಹೊಕ್ಕಳಾ ಉದರಿತ್ತನು ಅವತ್ತು? ಉದರಿರಲಿಲ್ಲ. ಈಗ ನೋಡು, ಎಮ್ಮಿ ಕರ ನಿಂತಂಗ ನಿಂತಾಳ.”

ಅವ್ವ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಯಾವತ್ತೂ ಹಾಗೆ ನೋಡಿದವಳಲ್ಲ. ನನ್ನ ಮೂಗಿನಲ್ಲಿ ಸುಂಬಳ ಇತ್ತು, ಮೊಣಕಾಲಲ್ಲಿ ಹುಣ್ಣು. ಆದರೆ ಜೀವ ಇತ್ತು. ಅವ್ವ ಕೂಸನ್ನು ಕೊಟ್ಟಳು.

“ಇವ ಉಳದ್ರ ಜೇಜುರಿಗಿ ಹೊತಗೊಂಡ ಹೋಗಿ ಅರಿಷಿಣದ ಭಂಡಾರ ಹಾರಸ್ತೀನಿ” ಅಂತ ಅಪ್ಪ ಅಲ್ಲಿಯ ದೇವರಿಗೆ ಹರಕೆ ಹೊತ್ತ.

“ಬಾಯಿ ಮುಚ್ಚೋ!” ಅತ್ತಿ ಹಾರಿಬಿದ್ದಳು. “ಉಳೀಲಿ ಅಂತ ಯಾರು ಬೇಡ್ಯಾರ ಈ ಕಸಾನ? ಕೇಳಿಸ್ಕೊಂತದ ಅದು.”

ಅದು ಅಂದರೆ ಸಾವು. ಅಪ್ಪ ಬೀಡಿ ಎಸೆದ.

ಖಣಿಯ ಕೆಳಗೆ ಎಮ್ಮೆ ಕಟ್ಟುವ ಗೋಠಾ ಇತ್ತು. ಅದರ ಒಡತಿ ಮರಾಠಿಯವಳು. ನಾವೆಲ್ಲ ಅವಳಿಗೆ ಮಾವಶಿ ಅನ್ನುತ್ತಿದ್ದೆವು. ಅವಳ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಇದ್ದವು, ಅದಕ್ಕೆ ಅತ್ತಿ ಅವಳನ್ನೇ ಗೊತ್ತು ಮಾಡಿದ್ದಳು. ಬಿಡಿಸಿ ಹೇಳುವುದೇ ಬೇಕಾಗಲಿಲ್ಲವಂತೆ. ಅವರಲ್ಲೂ ಇದೇ ಪದ್ಧತಿ. ತಿಪ್ಪೆಗೆ ಅವರು ಉಕಿರ್ಡಾ ಅನ್ನುತ್ತಾರೆ, ಕೂಸಿಗೂ ಅದೇ ಹೆಸರು ಇಡುತ್ತಾರೆ. ಮಾವಶಿಯ ಗಂಡನ ಅಣ್ಣನೇ ಒಬ್ಬ ಉಕಿರ್ಡಾ ಇದ್ದ.

ಗೋಠಾದ ಹಿಂದೆ ತಿಪ್ಪೆ. ಥಂಡಿಯಲ್ಲಿ ಹಸಿ ಸಗಣಿಯಿಂದ ಉಗಿ ಏಳುತ್ತಿತ್ತು. ಎಮ್ಮೆ ಉಚ್ಚೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅತ್ತಿ ಚಿಂದಿ ಬಿಚ್ಚಿ, ಬರಿಮೈ ಕೂಸನ್ನು ಸಗಣಿಯ ಮೇಲೆ ಇಟ್ಟಳು. ಅದು ಕೈಕಾಲು ಬಡಿದು ಕೆಂಪಾಗಿ ಅತ್ತಿತು. ಅವ್ವ ಆ ಕಡೆ ಮುಖ ಮಾಡಿ ಕುಳಿತಿದ್ದಳು, ಹೆತ್ತವಳು ನೋಡಬಾರದು.

ಮಾವಶಿ ಏನೂ ಗೊತ್ತಿಲ್ಲದವಳ ಹಾಗೆ ಬುಟ್ಟಿ ಹಿಡಿದು ಬಂದಳು. “ಅಗಬಾಈ! ಉಕಿರ್ಡ್ಯಾವರ ಹೇ ಕಾಯ?” ತಿಪ್ಪೆಯ ಮೇಲೆ ಇದೇನು ಅಂತ ಕೇಳುತ್ತಾ ಕೂಸನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ಯಾರದೋ ಏನೋ, ನಮಗ ಬ್ಯಾಡ” ಅಂದಳು ಅತ್ತಿ. “ಮೂಗು ನೋಡು, ಸುಟ್ಟ ಬದನಿಕಾಯಿ.”

“ಹಂಗಾದ್ರ ನಾನೇ ಒಯ್ತೀನಿ. ನನ್ನ ಎಮ್ಮಿ ಕಾಯಾಕ ಆಗ್ತದ” ಅಂತ ಮಾವಶಿ ತನಗೆ ಬರುವ ಕನ್ನಡದಲ್ಲಿ ಹೇಳಿ ನಡೆದೇಬಿಟ್ಟಳು.

ಅದು ಆಟ ಅಂತ ನನಗೇನು ಗೊತ್ತು? ಓಡಿಹೋಗಿ ಅವಳ ಸೀರೆ ಹಿಡಿದು ಜೋತುಬಿದ್ದೆ. “ನಮ್ಮ ತಮ್ಮನ್ನ ಕೊಡ ಮಾವಶಿ!” ಅಂತ ಚೀರಿದೆ.

ಅತ್ತಿ ಬಂದು ತೊಡೆ ಚಿವುಟಿದಳು. “ತಮ್ಮ ಅನಬ್ಯಾಡ ಮೂಳ! ಕಸ ಅನ್ನು.”

“ಕಸ ಕೊಡ ಮಾವಶಿ” ಅಂದೆ ಅಳುತ್ತಾ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವನ ಬೆನ್ನೂ ಅಲುಗಿತು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನು ನೋಡಿ ಹೇಗೆ ಹೇಳೋದು.

ಕಡೆಗೆ ಅತ್ತಿ ತೌಡನ್ನು ಮರದಲ್ಲಿ ತಂದು ಮಾವಶಿಯ ಬುಟ್ಟಿಗೆ ಸುರಿದಳು. ಮಾವಶಿ ಕೂಸನ್ನು ಅವ್ವನ ಉಡಿಯಲ್ಲಿ ಹಾಕಿದಳು. ಅತ್ತಿ ಸಗಣಿ ಮುಟ್ಟಿ ಅದರ ಹಣೆಗೆ ಬೊಟ್ಟಿಟ್ಟಳು. ತಿಪ್ಪೆಯದೇ ಒಂದು ಚಿಟಿಕೆ ಬೂದಿ ತೆಗೆದು ಹೊಕ್ಕುಳಿಗೆ ಒತ್ತಿದಳು. ಹಸಿ ಆರಲಿ ಅಂತ. ನನಗೂ ಹಾಗೇ ಒತ್ತಿದ್ದರಂತೆ. ತಿಪ್ಪಣ್ಣ ಅಂತ ಕರೆದರು. ನನ್ನ ಕೈಗೆ ಬೆಲ್ಲದ ಹೆಂಟೆ ಕೊಟ್ಟರು. ಅವತ್ತು ಅವ್ವನ ಮುಖ ಹಗುರಾಗಿತ್ತು, ಬಿಸಿ ರೊಟ್ಟಿ ಕೇಳಿ ಉಂಡಳು.

ಕೆಲವು ದಿನ ಕೂಸು ಚೆಂದ ಹಾಲು ಕುಡಿಯಿತು. ಆಮೇಲೆ ಒಂದು ಮುಂಜಾನೆ ಬಾಯಿ ತೆರೆಯಲಿಲ್ಲ. ಅವ್ವ ಎದೆ ಕೊಟ್ಟರೆ ತುಟಿ ಬಿಗಿಯಿತು. ತಂಬಿಗೆ ಸಪ್ಪಳವಾದರೂ ಸಾಕು, ಮೈ ಸೆಟೆದು ಹಿಂದಕ್ಕೆ ಬಾಗುತ್ತಿತ್ತು. ಅವತ್ತೇ ಖಣಿಯಲ್ಲಿ ಮದ್ದು ಹಾರಿಸಿದರು. ಆ ಸಪ್ಪಳಕ್ಕೆ ಕೂಸು ಬಿಲ್ಲಾಯಿತು. ಅಪ್ಪ ಓಡಿಹೋಗಿ, ಇವತ್ತೊಂದು ದಿನ ನಿಲ್ಲಿಸ್ರಿ ಅಂತ ಕೆಲಸ ಮಾಡಿಸುವ ಮುಕಾದಮನ ಕಾಲು ಹಿಡಿದ. ಅವನೇನೋ ನಿಲ್ಲಿಸಿದ. ಸಪ್ಪಳ ನಿಂತರೂ ಕೂಸು ನಿಲ್ಲಲಿಲ್ಲ. ಮಧ್ಯಾಹ್ನಕ್ಕೆ ಮುಗಿಯಿತು. ಅಪ್ಪ ಸುತ್ತಿಗೆ ಬಿಟ್ಟು ಗುದ್ದಲಿ ಹಿಡಿದ. ಖಣಿಯ ಅಂಚಿನಲ್ಲಿ ಮಣ್ಣು ಸಿಗುವ ಕಡೆ ತೋಡಿದ.

ಸತ್ತದ್ದು ಯಾಕೆ ಅಂತ ಎಲ್ಲರೂ ಹೇಳಿದರು. ಎಮ್ಮೆಯ ತಿಪ್ಪೆ ನಡೆಯುವುದಿಲ್ಲ, ಆಕಳದೇ ಬೇಕಿತ್ತು ಅಂದಳು ಅತ್ತಿ. ಮಾವಶಿ ಆಸೆಪಟ್ಟು ನೋಡಿದಳು, ದೃಷ್ಟಿಯಾಯಿತು ಅಂದರು ಸಾಲಿನ ಹೆಂಗಸರು. ಅಪ್ಪ ಜೇಜುರಿಯ ಮಾತು ಎತ್ತಿದ್ದೇ ತಪ್ಪಾಯಿತು ಅಂದರು. ಮಾವಶಿ ಹಾಲು ಕೊಡಲು ಬಂದರೆ ಅವ್ವ ಬಾಗಿಲು ತೆಗೆಯಲಿಲ್ಲ. ಪಾಪ, ಅವಳು ಎರಡು ದಿನ ಚರಿಗೆ ಹೊಸ್ತಿಲಲ್ಲಿಟ್ಟು ಹೋದಳು, ಬೆಕ್ಕು ಕುಡಿಯಿತು. ಬೂದಿಯ ಮಾತು ಮಾತ್ರ ಯಾರೂ ಆಡಲಿಲ್ಲ. ಯಾಕೆಂದರೆ ನಾನು ಕಣ್ಣಮುಂದೆ ಓಡಾಡುತ್ತಿದ್ದೆ. ಬಸುರಿ ಹೆಂಗಸರು ನನ್ನನ್ನು ಕರೆದು ಹೊಟ್ಟೆ ಮುಟ್ಟಿಸಿಕೊಳ್ಳುತ್ತಿದ್ದರು, ಒಂದು ಮುಟಿಗೆ ಪುಟಾಣಿ ಕೊಡುತ್ತಿದ್ದರು. ನಾನು ತಿನ್ನುತ್ತಿದ್ದೆ. ನೋಡನೋಡುತ್ತ ನಮ್ಮ ಸಾಲಿನಲ್ಲಿ ಮತ್ತಿಬ್ಬರು ತಿಪ್ಪವ್ವ ಆದರು. ಒಬ್ಬಳು ಕರಿ ತಿಪ್ಪವ್ವ, ಒಬ್ಬಳು ಮೆಳ್ಳಗಣ್ಣಿನ ತಿಪ್ಪವ್ವ. ಊರಲ್ಲಂತೂ ಓಣಿಗೊಬ್ಬ ತಿಪ್ಪಣ್ಣ ಇದ್ದ.

ನಾನು ಮೂರನೇ ಇಯತ್ತೆ ಮುಗಿಸಲಿಲ್ಲ. ಆದರೆ ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ದವಾಖಾನೆಯ ನರ್ಸಬಾಯಿ ರಟ್ಟೆಗೆ ಸೂಜಿ ಚುಚ್ಚಿದಳು. ಇದು ಯಾಕೆ ಅಂದೆ. ಧನುರ್ವಾಯು ಬರಬಾರದು ಅಂತ, ಅಂದಳು. ಕೂಸು ಬಾಯಿ ಬಿಗಿದು ಬಿಲ್ಲಾಗುತ್ತದೆ, ಅದರ ವಿಷ ಸಗಣಿಯಲ್ಲಿ, ಮಣ್ಣಿನಲ್ಲಿ ಇರುತ್ತದೆ, ಹಸಿ ಹೊಕ್ಕುಳಿಂದ ಒಳಗೆ ಹೋಗುತ್ತದೆ ಅಂದಳು. ನನ್ನ ಹೊಕ್ಕುಳಿಗೂ ತಿಪ್ಪೆಯ ಬೂದಿ ಒತ್ತಿದ್ದರು, ಹಾಗಾದರೆ ನಾನ್ಯಾಕೆ ಉಳಿದೆ ಅಂತ ಕೇಳಿದೆ. “ನಶೀಬ” ಅಂದು ಮುಂದಿನವಳನ್ನು ಕರೆದಳು.

ದವಾಖಾನೆಯ ಬೆಂಚಿನ ಮೇಲೆ ಕುಳಿತು ನಾನು ಯೋಚಿಸಿದೆ. ತಿಪ್ಪೆಯ ಮೇಲೆ ಮಲಗಿದ ಕೂಸುಗಳಲ್ಲಿ ಉಳಿದವು ತಿಪ್ಪವ್ವ, ತಿಪ್ಪಣ್ಣ ಅನ್ನಿಸಿಕೊಂಡು ಊರೆಲ್ಲ ತಿರುಗುತ್ತವೆ. ನೋಡ್ರಿ, ಹೆಸರು ಉಳಿಸಿತು ಅಂತ ಜನ ತೋರಿಸುತ್ತಾರೆ. ಸತ್ತವು ಎದ್ದು ಬಂದು ಹೇಳುತ್ತವೇನು? ಅವ್ವ ಆಗಿನ್ನೂ ಬದುಕಿದ್ದಳು. ಅವಳಿಗೆ ನಾನು ಹೇಳಲಿಲ್ಲ. ಹೇಳಿ ಏನು ಮಾಡುವುದಿತ್ತು?

ಹೋದ ತಿಂಗಳು ವಿಮಾನ ನಗರಕ್ಕೆ ನಿಮ್ಮ ಅಕ್ಕನ ಕೂಸು ನೋಡಲು ಹೋದೆ. ಕೈಗೆ ಏನೋ ಔಷಧಿ ಸವರಿಸಿ ಆಮೇಲೆ ಎತ್ತಿಕೊಳ್ಳಲು ಕೊಟ್ಟರು. ಹೊಕ್ಕುಳಿಗೆ ಪ್ಲಾಸ್ಟಿಕ್ಕಿನ ಚಿಮಟಿಗೆ ಹಾಕಿದ್ದರು. ಯಾರೂ ಮುಟ್ಟಬೇಡಿ, ಅದೇ ಒಣಗಿ ಬೀಳುತ್ತದೆ ಅಂದಿದ್ದರಂತೆ ಡಾಕ್ಟರು. ಕೂಸು ನಿದ್ದೆ ಮಾಡುತ್ತಿತ್ತು. ಕೂಸಿನ ಅಪ್ಪ ಅವ್ವ ಇಬ್ಬರೂ ಮೊಬೈಲು ಹಿಡಿದು ಹೆಸರು ಹುಡುಕುತ್ತಿದ್ದರು. ಒಂದು ಹೆಸರು ಚೆಂದ ಅನ್ನುವರು, ಇದು ಮತ್ತೊಬ್ಬರ ಮಗಳಿಗೆ ಇದೆ ಅಂತ ಬಿಡುವರು.

ಕೂಸಿನ ಅಪ್ಪ, ಅಂದರೆ ನಿಮ್ಮ ಭಾವ, ಬೆಂಗಳೂರಿನ ಕಡೆಯವನು, ನಗಿಸುವವನು. “ಅಜ್ಜಿ, ನಿಮ್ಮ ಹೆಸರೇ ಇಟ್ಬಿಡೋಣ. ತುಂಬಾ ರೇರ್ ಅದು. ನಮ್ಮ ಆಫೀಸಲ್ಲಿ, ಈ ಬಿಲ್ಡಿಂಗಲ್ಲಿ, ಎಲ್ಲೂ ಒಬ್ಬರೂ ಸಿಗಲ್ಲ” ಅಂದ.

ಎಲ್ಲರೂ ನಕ್ಕರು.

“ಸಿಗೂದಿಲ್ಲಪಾ” ಅಂದೆ. “ಆ ಹೆಸರು ಇಡಬೇಕಂದ್ರ ಮೊದಲ ಒಂದೆರಡು ಕೂಸು ಮಣ್ಣಾಗಬೇಕು. ನಿಮ್ಮ ಮನ್ಯಾಗ ಅಂಥಾದ್ದೇನೂ ಆಗಿಲ್ಲ. ಬ್ಯಾರೆ ಹೆಸರು ಹುಡುಕ್ರಿ.”