ಒಂದೇ ಅಳತೆಯ ಎರಡು ತುಂಡುಗಳು

ನಾನು ನಿಂತಿದ್ದದ್ದು ಪೀಣ್ಯದ ಕಾರ್ಖಾನೆಯೊಂದರ ಅಳತೆ ಕೋಣೆಯ ಗಾಜಿನ ಬಾಗಿಲ ಹೊರಗೆ, ಸೋಮವಾರ, ಬೆಳಗಿನ ಟೀ ಮುಗಿದ ಮೇಲೆ. ಒಳಗೆ ನನ್ನ ಗೆಳೆಯ ಒಬ್ಬನೇ ಇದ್ದ. ಅವನ ಕೈಯಿಂದ ಸ್ಲಿಪ್ ಗೇಜೊಂದು ಜಾರಿ, ಗ್ರಾನೈಟ್ ಮೇಜಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದು ನೋಡಿದ. ನನ್ನ ಗೇಜುಗಳ ಪೆಟ್ಟಿಗೆಯಲ್ಲಿಟ್ಟ. ಅದೇ ಅಳತೆಯ ನನ್ನದನ್ನು ತೆಗೆದು ತನ್ನ ಪೆಟ್ಟಿಗೆಗೆ ಹಾಕಿಕೊಂಡ.

ಸ್ಲಿಪ್ ಗೇಜ್ ಅಂದರೆ ಉಕ್ಕಿನ ಪುಟ್ಟ ತುಂಡು. ಬೇರೆ ಉಪಕರಣಗಳ ಅಳತೆ ಸರಿಯಿದೆಯೇ ಎಂದು ನೋಡುವುದು ಅದರಿಂದ. ನಮ್ಮಲ್ಲಿ ತುಂಡಿನ ಮೇಲೆ ಅಳತೆ ಮಾತ್ರ ಕೊರೆದಿರುತ್ತಿತ್ತು. ಯಾರದೆಂದು ಹೇಳುವುದು ಪೆಟ್ಟಿಗೆ. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಗೆಳೆಯನಿಗೆ ಭೌತಶಾಸ್ತ್ರದ ಹುಚ್ಚು. ಎರಡು ಗೇಜುಗಳನ್ನು ಒರೆಸಿ, ಒತ್ತಿ ಜಾರಿಸಿದರೆ ಅಂಟಿಲ್ಲದೆಯೂ ಕಚ್ಚಿಕೊಳ್ಳುತ್ತವೆ. ಹಾಗೆ ಕಚ್ಚಿಸಿ ಕೇಳುತ್ತಿದ್ದ: "ಈಗ ಇದು ಒಂದೋ ಎರಡೋ ಹೇಳು ಗುರು. ಎಲೆಕ್ಟ್ರಾನಿಗೆ ಗುರುತೇ ಇಲ್ಲ ಕಣೋ. ಇದನ್ನ ಅಲ್ಲಿಟ್ಟು ಅದನ್ನ ಇಲ್ಲಿಟ್ರೆ ಲೋಕದಲ್ಲಿ ಏನೂ ಬದಲಾಗಿರಲ್ಲ."

"ಹಂಗಾದ್ರೆ ನಿನ್ನ ಟಿಫನ್ ಬಾಕ್ಸ್ ಕೊಡು, ನಂದು ತಗೋ."

"ಅದ್ರಲ್ಲಿ ಚಿತ್ರಾನ್ನ ಇದೆ ಮಗಾ, ಅದು ಬೇರೆ ವಿಷಯ."

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಈ ಕಂಬಿ ವಸ್ತುವಲ್ಲ, ಕಣಗಳು ಸದ್ಯಕ್ಕೆ ಕೂಡಿ ನಿಂತಿರುವ ಒಂದು ಏರ್ಪಾಡು ಎಂದುಕೊಳ್ಳುವುದು ನನಗೆ ಸುಖವಾಗಿತ್ತು. ಆ ಸುಖ ಕೊಟ್ಟವನು ಅವನು.

ಆ ಸೋಮವಾರ, ಗೇಜ್ ಬೀಳಿಸಿದ್ದನ್ನು ಅವನೇ ಹೇಳುತ್ತಾನೆಂದು ಮಧ್ಯಾಹ್ನದವರೆಗೆ ಕಾದೆ. ಗ್ರಾಹಕರ ಕಡೆಯವರು ತಪಾಸಣೆಗೆ ಬಂದರು. ಅಂಚು ಮುಕ್ಕಾದ ಗೇಜ್ ಸಿಕ್ಕಿತು.

"ಯಾರ ಪೆಟ್ಟಿಗೆ ಇದು?" ಮೇಲ್ವಿಚಾರಕರು ಕೇಳಿದರು.

"ಅವನದು ಸಾರ್," ಎಂದ ಗೆಳೆಯ.

"ಪೆಟ್ಟಿಗೆ ನಂದು ಸಾರ್. ಬೀಳ್ಸಿದ್ದು ಇವನು, ನಾನೇ ನೋಡ್ದೆ."

"ನೀನೊಬ್ನೇ ನೋಡಿದ್ದಾ? ಬೇರೆ ಯಾರಾದ್ರೂ ಇದ್ರೆ ಕರಿ ನೋಡೋಣ," ಎಂದರು ಮೇಲ್ವಿಚಾರಕರು.

ನಾನು ಅವರ ಮುಖ ನೋಡಿದೆ. ಅವರು ಗೇಜನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆ ವಾರವೇ ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು. ಅಳತೆ ಕೋಣೆಯೊಳಗೆ ಮತ್ತೆ ಕಾಲಿಡಲಿಲ್ಲ.

ಎಲೆಕ್ಟ್ರಾನುಗಳ ಬಗ್ಗೆ ಅವನು ಹೇಳಿದ್ದನ್ನು ಈಗಲೂ ನಂಬುತ್ತೇನೆ. ಹೆಚ್ಚು ನೋಯಿಸುವುದು ಅದೇ. ಆದರೆ ಗುರುತಿಲ್ಲದ ಅಷ್ಟು ಕಣಗಳು ಸೇರಿ ಒಂದು ತುಂಡಾದ ಮೇಲೆ ಅದಕ್ಕೆ ಏಟು ತಗಲುತ್ತದೆ, ಏಟು ಉಳಿಯುತ್ತದೆ. ಅಂದು ಬಿದ್ದದ್ದು ಒಂದು ತುಂಡು. ಇನ್ನೊಂದು ಬೀಳಲಿಲ್ಲ.

ಗೆಳೆಯ ತೀರಿಕೊಂಡಿದ್ದಾನೆ. ಆ ಬೆಳಿಗ್ಗೆ ಕೋಣೆಯ ಆಚೆ ಬದಿಯ ಗಾಜಿನ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು, ಗೇಜ್ ಬಿದ್ದದ್ದನ್ನೂ ಪೆಟ್ಟಿಗೆಗಳಲ್ಲಿ ಅದಲುಬದಲಾದದ್ದನ್ನೂ ನೋಡಿದವರು ಮೇಲ್ವಿಚಾರಕರು. ಗಾಜಿನಾಚೆಯಿಂದ ನನ್ನನ್ನೂ ನೋಡಿದ್ದರು. ಈಗ ಮಹದೇವಪುರದಲ್ಲಿ ಮಗಳ ಮನೆಯಲ್ಲಿದ್ದಾರೆ.