ಸೋತವನ ಗೋಡೆಯ ಮೇಲಿನ ಜಡ್ಜ್ ಸಾಹೇಬರು

ಮಸ್ಕಿಯಲ್ಲಿ ಬಸ್ಸು ನಿಂತಾಗ ಒಬ್ಬರು ಹೊಸ ಹಗ್ಗದ ಎರಡು ಪಿಂಡಿ ತಂದು, "ಕಾಲು ಸ್ವಲ್ಪ ಮ್ಯಾಲ ಮಾಡ್ರಿ ಮೇಡಂ" ಅಂದು ನನ್ನ ಸೀಟಿನ ಕೆಳಗೆ ನೂಕಿದರು. ಒಣ ನಾರಿನ, ಸ್ವಲ್ಪ ಎಣ್ಣೆ ಬೆರೆತ ಆ ವಾಸನೆಯನ್ನು ನಾನು ಮರೆತೇ ಬಿಟ್ಟಿದ್ದೇನೆ ಅಂದುಕೊಂಡಿದ್ದೆ.

ನಾನು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ನಮ್ಮ ಭಾಗದಲ್ಲಿ ಹುಟ್ಟಿ, ನ್ಯಾಯಾಧೀಶರಾಗಿ, ಆಮೇಲೆ ದೆಹಲಿಯವರೆಗೂ ಹೋಗಿದ್ದ ದೊಡ್ಡ ನಾಯಕರೊಬ್ಬರು ತೀರಿಕೊಂಡಿದ್ದರು. ಅವರ ಶ್ರದ್ಧಾಂಜಲಿ ಸಭೆ. ಲಿಂಗಸುಗೂರು ಕೋರ್ಟಿನ ವಕೀಲರ ಪರವಾಗಿ ಒಬ್ಬರು ಹೋಗಬೇಕಿತ್ತು. ಹಿರಿಯರಿಗೆಲ್ಲ ಬೇರೆ ಕೆಲಸವಿತ್ತು, ನನ್ನನ್ನು ಕಳಿಸಿದರು. ಮಾತಾಡಲು ನಾಲ್ಕು ಸಾಲು ಬರೆದುಕೊಂಡಿದ್ದೆ. ಹಗ್ಗದ ವಾಸನೆ ಬಂದ ಮೇಲೆ ಆ ಸಾಲುಗಳನ್ನು ಮತ್ತೆ ಓದುವ ಮನಸ್ಸಾಗಲಿಲ್ಲ.

ನಾನು ಸಣ್ಣವಳಿದ್ದಾಗ ಹಗ್ಗದ ಅಂಗಡಿಯೊಂದು ಮಸ್ಕಿಯಲ್ಲಿ ನಮ್ಮ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಗಿತ್ತು. ಅಂಗಡಿಯವರನ್ನು ನಾವು ಕಾಕಾ ಅನ್ನುತ್ತಿದ್ದೆವು, ಸಂಬಂಧವೇನೂ ಇರಲಿಲ್ಲ. ಟ್ರ್ಯಾಕ್ಟರುಗಳು ಬಂದು ಎತ್ತಿನ ಸಾಮಾನು ಕೇಳುವವರು ಕಡಿಮೆಯಾಗಿದ್ದರು. ಹಾಗಾಗಿ ಮಾತಿಗೆ ಅವರಿಗೆ ಬೇಕಾದಷ್ಟು ಹೊತ್ತಿತ್ತು. ಮಾತು ಮಳೆಯಿಂದ ಶುರುವಾದರೂ, ಭತ್ತದ ರೇಟಿನಿಂದ ಶುರುವಾದರೂ, ಕೊನೆಗೆ ಈಗ ತೀರಿಕೊಂಡ ಈ ಜಡ್ಜ್ ಸಾಹೇಬರಿಗೇ ಬಂದು ಮುಟ್ಟುತ್ತಿತ್ತು. ಬಸವಣ್ಣನ ಪಟದ ಪಕ್ಕದಲ್ಲಿ ಅವರ ಫೋಟೋ ಇತ್ತು. ಪೇಪರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು.

ಅವರ ಜೀವನವನ್ನು ನಾನು ಮೊದಲು ಕೇಳಿದ್ದು ಆ ಅಂಗಡಿಯ ಕಟ್ಟೆಯ ಮೇಲೆ. ಮುದಗಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿದ್ದು, ಸಾಲಿಗೆ ನಡೆದು ಹೋಗಿದ್ದು, ಹೈದರಾಬಾದಿನಲ್ಲಿ ಕಾಯ್ದೆ ಓದಿದ್ದು, ಲಿಂಗಸುಗೂರಿಗೆ ಮುನ್ಸೀಫರಾಗಿ ಬಂದಿದ್ದು, ಜಿಲ್ಲಾ ಜಡ್ಜ್ ಆಗಿ, ಬೆಂಗಳೂರಿನ ಹೈಕೋರ್ಟಿಗೆ ಏರಿ, ಆಮೇಲೆ ಆ ಕುರ್ಚಿ ಬಿಟ್ಟು ಚುನಾವಣೆಗೆ ನಿಂತದ್ದು, ದೆಹಲಿಯಲ್ಲಿ ಮಂತ್ರಿಯಾದದ್ದು... ಕಾಕಾ ಇದನ್ನೆಲ್ಲ ತಮ್ಮ ಮನೆಯ ಹಿರಿಯಣ್ಣನ ಕಥೆ ಹೇಳಿದಂತೆ ಹೇಳುತ್ತಿದ್ದರು. ಪ್ರತಿ ಚುನಾವಣೆಯಲ್ಲೂ ಅಂಗಡಿ ಮುಚ್ಚಿ, ತಮ್ಮ ಖರ್ಚಿನಲ್ಲಿ ತುರ್ವಿಹಾಳ, ಬಳಗಾನೂರು ಅಂತ ಅವರ ಪ್ರಚಾರಕ್ಕೆ ತಿರುಗಿ ಬರುತ್ತಿದ್ದರು.

ಅಂಗಡಿಯ ಪಕ್ಕದ ಮನೆಯ ಬೀಬಿ ಗಾದಿ ಹೊಲಿಯುತ್ತಿದ್ದವರು. ಸೂಜಿ ಬಿಡದೆ ಅಲ್ಲಿಂದಲೇ ಕೂಗುತ್ತಿದ್ದರು. "ಕೇಳಬೇ, ದಾವಾ ಗೆದ್ದಾಕಿ ನಾನು, ಫೋಟೋ ಹಾಕ್ಯಾಂವ ಇಂವ! ಎಲ್ಲಿಯರ ಕಂಡೀಯೇನು?"

"ನೀ ಗೆದ್ದಿ. ನಿನಗ ಅವರು ಏನೂ ಹೇಳಬೇಕಾಗಿದ್ದಿಲ್ಲ. ನಾ ಸೋತೆ, ನನಗ ಹೇಳಿದ್ರು" ಅನ್ನುತ್ತಿದ್ದರು ಕಾಕಾ.

ದಾವೆ ಇದ್ದದ್ದು ಅಂಗಡಿಗೂ ಬೀಬಿಯ ಮನೆಗೂ ನಡುವಿನ ಸಂದಿಯ ಬಗ್ಗೆ. ಬೀಬಿಯ ಬಾಗಿಲು ಇದ್ದದ್ದು ಆ ಸಂದಿಗೇ, ಅದೊಂದೇ ದಾರಿ. ತಮ್ಮ ಅಪ್ಪ ಸತ್ತ ಮೇಲೆ ಕಾಕಾ, ಜಾಗ ನಮ್ಮದು ಎಂದು ಅಲ್ಲಿ ಗೋಡೆ ಎಬ್ಬಿಸಲು ಹೋಗಿದ್ದರು. ಬೀಬಿ ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ವಿಧವೆಯ ದಾರಿ ಕಟ್ಟುವ ಸುಳ್ಳ ಎಂದು ಓಣಿಯೆಲ್ಲ ಕಾಕಾನನ್ನು ಆಡಿಕೊಂಡಿತ್ತು. ಲಿಂಗಸುಗೂರಿನಲ್ಲಿ ಫೈಸಲಾ ಆದ ದಿನ, ಆಗ ಅಲ್ಲಿ ಮುನ್ಸೀಫರಾಗಿದ್ದ ಸಾಹೇಬರು ಇಂಗ್ಲಿಷಿನಲ್ಲಿ ಏನೋ ಓದಿದರು. ಕಾಕಾನ ವಕೀಲರು ಕೈ ಅಲ್ಲಾಡಿಸಿ ಹೊರಗೆ ಹೋದರು. ಕಾಕಾ ಮಾತ್ರ ಕೈಮುಗಿದುಕೊಂಡು ಅಲ್ಲೇ ನಿಂತರು. ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲವಂತೆ.

ಆಗ ಮುನ್ಸೀಫರು ಇಬ್ಬರನ್ನೂ ಹತ್ತಿರ ಕರೆದು ನಮ್ಮ ಭಾಷೆಯಲ್ಲಿ ಹೇಳಿದರು: "ನೀ ಸೋತೀಯಪ್ಪ. ಯಾಕ ಸೋತಿ ಹೇಳ್ತೀನಿ ಕೇಳು. ಜಾಗ ನಿಮ್ಮಪ್ಪಂದು, ಅದು ಖರೇ. ಆದ್ರ ಬದುಕಿದ್ದಾಗ ಆಂವಾ ದಾರಿ ಅಂತ ಇವರಿಗೆ ಬಿಟ್ಟುಕೊಟ್ಟಾನ. ಹಿರ್ಯಾ ಬಿಟ್ಟ ದಾರಿ ಮಗ ಕಟ್ಟಾಕ ಬರಂಗಿಲ್ಲ. ನೀ ಸುಳ್ಳು ಹೇಳಿಲ್ಲ. ನಿನಗ ಗೊತ್ತಿದ್ದಷ್ಟು ನೀ ಹೇಳಿದಿ."

'ನೀ ಸುಳ್ಳು ಹೇಳಿಲ್ಲ' ಎಂಬ ಮಾತಿಗೆ ಬಂದಾಗ ಕಾಕಾನ ದನಿ ಪ್ರತಿ ಸಲವೂ ಸಣ್ಣದಾಗುತ್ತಿತ್ತು. ಬೀಬಿಯೂ ಆಗ ಚೇಷ್ಟೆ ಮಾಡುತ್ತಿರಲಿಲ್ಲ.

ನಾನು ಕಾಯ್ದೆ ಓದುತ್ತಿದ್ದ ವರ್ಷಗಳಲ್ಲಿ ರಸ್ತೆ ಅಗಲ ಮಾಡುವ ಮಾತು ಬಂತು. ಎರಡೂ ಬದಿ ಸಮ ಕಡಿಯುತ್ತಾರೆ ಎಂದು ಮೊದಲು ಹೇಳಿದ್ದರು. ಒಂದು ಮುಂಜಾನೆ ನೋಡಿದರೆ ಕೆಂಪು ಗುರುತು ಕಾಕಾನ ಬದಿಗೆ ಮಾತ್ರ ಬಿದ್ದಿತ್ತು. ಅಂಗಡಿಯ ಅರ್ಧಕ್ಕಿಂತ ಹೆಚ್ಚು ಗುರುತಿನೊಳಗೆ. ನಮ್ಮ ಮನೆಯ ಬದಿ ಹಾಗೇ ಉಳಿದಿತ್ತು. ಆ ದಿನದಿಂದ ನಮ್ಮಪ್ಪ ರಸ್ತೆ ದಾಟಿ ಅಂಗಡಿಗೆ ಹೋಗುವುದು ಕಡಿಮೆಯಾಯಿತು.

ಕಾಕಾ ಮಾತ್ರ ನಮ್ಮ ಮನೆಗೆ ಬಂದರು. ಜಡ್ಜ್ ಸಾಹೇಬರು ಲಿಂಗಸುಗೂರಿನ ಪ್ರವಾಸಿ ಮಂದಿರಕ್ಕೆ ಬಂದಿದ್ದಾರೆಂದು ಕೇಳಿದ್ದರು. ಆಗ ಅವರು ಮಂತ್ರಿಯಲ್ಲ. ಆದರೂ ನಮ್ಮ ಕಡೆ ಅವರ ಮಾತಿಲ್ಲದೆ ಏನೂ ಆಗುತ್ತಿರಲಿಲ್ಲ.

"ಬಾರವ್ವ, ನೀನೂ ಬಾ. ಕಾಯ್ದೆ ಓದಾಕತ್ತಿ. ಅವರು ಹೆಂಗ ಹೇಳ್ತಾರ ಒಮ್ಮೆ ಕೇಳು, ನಿನ್ನ ಪುಸ್ತಕ ಎಲ್ಲಾ ಒಂದು ಕಡಿ, ಅದೊಂದು ಕಡಿ."

ಅಂಗಡಿ ಉಳಿಸಿರಿ ಎಂದು ಅರ್ಜಿ ಬರೆಯಲೇ ಎಂದು ಕೇಳಿದೆ.

"ಉಳಸ್ರಿ ಅಂತ ಯಾಕ ಕೇಳಲಿ? ಆ ಕಡಿ ಬಿಟ್ಟು ಈ ಕಡಿ ಯಾಕ, ಅಷ್ಟ ಕೇಳ್ತೀನಿ. ಅವರು ಹೇಳಿದ್ರಂದ್ರ ನಾನೇ ನಿಂತು ಕೆಡವಿಸ್ತೀನಿ."

'ಆ ಕಡಿ' ಅಂದರೆ ನಮ್ಮ ಮನೆ. ಹಾಗೆ ಹೇಳಿದ್ದು ಅವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ...

ಪ್ರವಾಸಿ ಮಂದಿರದ ಅಂಗಳ ತುಂಬಿತ್ತು. ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅವರನ್ನು ನಾನು ಹತ್ತಿರದಿಂದ ಕಂಡದ್ದು ಅದೊಂದೇ ಸಲ. ಬೆತ್ತದ ಕುರ್ಚಿಯಲ್ಲಿ ದಣಿದು ಕೂತಿದ್ದರು, ಪಾದಗಳು ಬಾತಿದ್ದವು. ಕಾಕಾ ಕೈಮುಗಿದು ಹಳೆಯ ದಾವೆಯಿಂದ ಶುರು ಮಾಡಿದರು. ಅವರಿಗೆ ನೆನಪಾಗಲಿಲ್ಲ. ಎಷ್ಟು ದಾವೆಗಳಿದ್ದವೋ, ನೆನಪಿರಬೇಕೆಂದೇನೂ ಇಲ್ಲ. ಕಾಕಾ ರಸ್ತೆಯ ಮಾತಿಗೆ ಬಂದರು. ಅರ್ಧಕ್ಕೇ ಅವರು ಕೈಯೆತ್ತಿ ನಕ್ಕರು.

"ಆಗ್ತದ, ಹೋಗ್ರಿ. ನಿಮ್ಮ ಕೆಲಸ ಮಾಡ್ಸೋಣ."

"ಸಾಹೇಬ್ರ, ಮಾಡ್ಸ್ರಿ ಅಂತ ಅಲ್ರಿ. ಯಾಕ ಅಂತ..."

"ಆಗ್ತದ ಅಂದ್ನಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯಿಂದಲೇ ಅಂದರು. ಪಕ್ಕದಲ್ಲಿ ನಿಂತವರೊಬ್ಬರು ಕಾಕಾನ ಹೆಗಲು ಹಿಡಿದು, "ಸಾಹೇಬ್ರು ಹೂಂ ಅಂದಾರಲ್ಲ ಯಜಮಾನ್ರ, ಇನ್ನೇನು ಬೇಕು?" ಎಂದು ಸರಿಸಿದರು. ಹಿಂದಿನವರು ಮುಂದೆ ಬಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಪಕ್ಕ ಕೂತರು. ಕೆಲಸ ಆಗಬಹುದು ಎಂದು ನಾನೇ ಹೇಳಿದೆ. ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

"ಅವತ್ತು ಇಲ್ಲ ಅಂದ್ರು, ಯಾಕ ಅಂತ ಹೇಳಿದ್ರು. ಇವತ್ತು ಹೂಂ ಅಂದ್ರು..."

ಕೆಲಸ ಆಗಲಿಲ್ಲ. ಅಂಗಡಿ ಕೆಡವುವ ಹಿಂದಿನ ದಿನ ಕಾಕಾ ಪಟಗಳನ್ನು ತಾವೇ ಇಳಿಸಿಟ್ಟರು. ಉಳಿದ ಜಾಗದಲ್ಲಿ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಮತ್ತೆ ಹಗ್ಗ ತೂಗುಹಾಕಿದರು. ಬಸವಣ್ಣ ಹೊಸ ಗೋಡೆಗೆ ಬಂದ. ಪಕ್ಕದ ಮೊಳೆ ಖಾಲಿ ಇತ್ತು. ಬೀಬಿಯ ಮನೆಯ ರಸ್ತೆ ಬದಿಯ ಭಾಗವೂ ಹೋಗಿತ್ತು; ಈಗ ಅವರು ಗಾದಿ ಹೊಲಿಯುತ್ತಿದ್ದದ್ದು ಅಂಗಡಿಗೆ ಇನ್ನೂ ಹತ್ತಿರದಲ್ಲಿ. ಒಂದು ದಿನ ಅವರೇ ಕೇಳಿದರು: "ಏನೋ, ನಿನ್ನ ಜಡ್ಜ್ ಸಾಹೇಬ್ರು ಎಲ್ಲಿ ಹೋದ್ರು?"

"ಅವರು ದಿಲ್ಲಿಗೆ ಹೋಗ್ಯಾರ" ಅಂದರು ಕಾಕಾ.

ಬೀಬಿ ನಗಲಿಲ್ಲ. ನಾನೂ ನಗಲಿಲ್ಲ. ಆಮೇಲೆ ಕಾಕಾ ಆ ಕಥೆಯನ್ನು ಯಾರಿಗೂ ಹೇಳಿದ್ದು ನಾನು ಕೇಳಲಿಲ್ಲ. ಗಿರಾಕಿ ಬಂದರೆ ಹಗ್ಗ ಅಳೆದು ಕೊಡುತ್ತಿದ್ದರು, ಅಷ್ಟೆ. ಎರಡು ಬೇಸಿಗೆ ಕಳೆದು ತೀರಿಕೊಂಡರು. ನನಗೆ ಪರೀಕ್ಷೆ ಇತ್ತು, ಮಣ್ಣಿಗೆ ಹೋಗಲಾಗಲಿಲ್ಲ.

ಸಿಂಧನೂರಿನ ಸಭೆ ತಡವಾಗಿ ಶುರುವಾಯಿತು. ಒಬ್ಬರಾದ ಮೇಲೊಬ್ಬರು ಅವರ ಜೀವನ ಹೇಳಿದರು. ಮುದಗಲ್ ಕಡೆಯ ಹಳ್ಳಿ, ಹೈದರಾಬಾದು, ಹೈಕೋರ್ಟು, ದೆಹಲಿ... ಎಲ್ಲ ಸರಿಯಾಗಿಯೇ ಇತ್ತು. ಲಿಂಗಸುಗೂರಿನ ಮುನ್ಸೀಫ್ ಕೋರ್ಟನ್ನು ಒಬ್ಬರು ಅರ್ಧ ವಾಕ್ಯದಲ್ಲಿ ದಾಟಿ ಮುಂದೆ ಹೋದರು. ಬಂದವರಿಗೆ ಸಾಹೇಬರು ಎಂದೂ ಇಲ್ಲ ಅಂದವರಲ್ಲ ಎಂದು ಎಲ್ಲರೂ ಹೇಳಿದರು. ಹೇಳಿದಾಗಲೆಲ್ಲ ಜನ ಹೌದೆಂದು ತಲೆಯಾಡಿಸಿದರು. ನನ್ನ ಸರದಿ ಬಂದಾಗ ಬರೆದುಕೊಂಡಿದ್ದ ನಾಲ್ಕು ಸಾಲು ಓದಿ ಬಂದು ಕೂತೆ.

ಪಕ್ಕದಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಕೂತಿದ್ದರು. ನನ್ನ ಕಡೆ ಬಾಗಿ, "ನೀವು ಸಣ್ಣವರದೀರಿ. ಸಾಹೇಬ್ರ ಪರಿಚಯ ಇತ್ತೇನ್ರಿ?" ಎಂದು ಕೇಳಿದರು.

"ಇಲ್ರಿ. ಅವರ ಕೋರ್ಟಿನ್ಯಾಗ ದಾವಾ ಸೋತವರೊಬ್ಬರ ಪರಿಚಯ ಇತ್ತು."

ಹಿರಿಯರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸಭೆಯ ಮೇಲೆ ಕಣ್ಣಾಡಿಸಿ, "ಎಲ್ಲಿ ಕುಂತಾರ? ಅವರದೂ ನಾಕು ಮಾತು ಆಗ್ಲಿ" ಅಂದರು.

"ಅವರಿಲ್ರಿ" ಅಂದೆ.